ಎಡಸೊಂಟದ ಅಡಿಕೆ

೧೪ ಜನವರಿ ೧೯೯೬, ರವಿವಾರ. ಡೊಂಬಿವಲಿ

ಈ ಡೈರಿ ಪುಕ್ಕಟೆ ಬಂದದ್ದು. ಕೆಳಗಿನ ಮೆಡಿಕಲ್ ಅಂಗಡಿಯವನ ಕೊಡುಗೆ. ಪ್ರತಿ ಪುಟದ ತಳಕ್ಕೂ ಅಜೀರ್ಣದ ಮಾತ್ರೆಯ ಜಾಹೀರಾತಿದೆ. ಇಲ್ಲಿ ಏನು ಬರೆದರೂ ಜೀರ್ಣವಾದೀತು ಎಂಬ ಧೈರ್ಯದಿಂದ ಶುರು ಮಾಡಿದ್ದೇನೆ.

ಇವತ್ತು ಕಲ್ಯಾಣದಿಂದ ಅಣ್ಣ ರಾಯಪ್ಪ ಮತ್ತು ಅತ್ತಿಗೆ ಸುಶೀಲಾವೈನಿ ಬಂದಿದ್ದರು. ಮಗಳು ಊರ್ಮಿಳಾಳ ಲಗ್ನದ ಮೀಟಿಂಗು. ಹುಡುಗಿಯ ತಂದೆ ಎಂಬ ಕಾರಣಕ್ಕೆ ನನ್ನನ್ನೂ ಕರೆದಿದ್ದರು, ನನ್ನದೇ ಮನೆಯಲ್ಲಿ.

ವರ ಹೃಷೀಕೇಶ ಠಾಣೆಯವನು, ಮರಾಠಿ ಹುಡುಗ, ಊರ್ಮಿಳಾಳ ಬ್ಯಾಂಕಿನಲ್ಲೇ ಎದುರಿನ ಕೌಂಟರು. ಎರಡು ವರ್ಷ ಎದುರುಬದುರು ಕೂತು ಊರ ಜನರ ಪಾಸ್‌ಬುಕ್ಕಿನ ಮೇಲೆ ಪ್ರೇಮ ಬೆಳೆಸಿದ್ದಾರೆ. ಹುಡುಗ ಒಳ್ಳೆಯವ. ನನ್ನ ಮರಾಠಿ ಕೇಳಿ ನಗುವುದಿಲ್ಲ, ಅದೇ ದೊಡ್ಡ ಗುಣ. ಮೇ ಹನ್ನೆರಡಕ್ಕೆ ಮುಹೂರ್ತ, ಠಾಣೆಯಲ್ಲಿ ಹಾಲ್.

ಅಣ್ಣ ಕೆಲಸ ಹಂಚತೊಡಗಿದ. ತನ್ನ ಬಟ್ಟೆ ಅಂಗಡಿಯಲ್ಲಿ ಥಾನು ಹರಿದು ಕೊಡುವ ಅದೇ ಗತ್ತು.

“ಧಾರಿ ನಾನು, ನಿಮ್ಮ ವೈನಿ ಎರೀತೀವಿ. ಅದಕ್ಕ ಜೋಡಿ ಬೇಕಲ್ಲ.”

“ಮತ್ತ ನಾನು?”

“ನೀ ಬಾಗಲದಾಗ ನಿಂತು ಬಂದವರಿಗೆ ಪನ್ನೀರ ಹೊಡಿ ತಮ್ಮಾ. ಅದಕ್ಕ ಜೋಡಿ ಬೇಕಾಗಿಲ್ಲ.”

ಇಪ್ಪತ್ತಾರು ವರ್ಷ ಸಾಕಿದ ಮಗಳು. ನನ್ನ ಕೈಗೆ ಬಂದದ್ದು ಪನ್ನೀರುದಾನಿ. ದಿವಂಗತರು ಹೋದ ವರ್ಷವಲ್ಲ, ಅದರ ಹಿಂದಿನ ದೀಪಾವಳಿಯಲ್ಲಿ ಹೋದರಲ್ಲ, ಹೋಗುವಾಗ ನನ್ನ ಹುದ್ದೆಯನ್ನೂ ಕಟ್ಟಿಕೊಂಡು ಹೋದರು ಅಂತ ಇವತ್ತು ತಿಳಿಯಿತು. ದಿವಂಗತರು ಅಂದರೆ ನನ್ನ ಹೆಂಡತಿ, ಪ್ರಭಾ. ಬೇಲಾಪುರದ ಆಫೀಸಿನಲ್ಲಿ ಪೆನ್ಶನ್ನಿನ ನಾಮಿನಿ ಬದಲಿಸುವಾಗ ‘ದಿ ಸೇಡ್ ಡಿಸೀಸ್ಡ್’ ಎಂದು ಬರೆದು ಬರೆದು ಅದೇ ರೂಢಿಯಾಗಿದೆ. ಗೌರವವೂ ಇರುತ್ತದೆ, ದೂರವೂ ಇರುತ್ತದೆ.

ಅಷ್ಟರಲ್ಲಿ ಊರ್ಮಿಳಾ ಬಾಂಬು ಹಾಕಿದಳು. “ದೊಡ್ಡಪ್ಪಾ, ಅದೆಲ್ಲಾ ನಂತರ. ಮೊದ್ಲ ಅಮ್ಮನ ಉಡಿ. ಅದು ದೇವಿಗೆ ಮುಟ್ಟೋತನಕ ನಾ ಹಸಿಮಣಿ ಏರಂಗಿಲ್ಲ.”

ಉಡಿಯ, ಅಂದರೆ ದೇವಿಯ ಮಡಿಲು ತುಂಬುವ ಹರಕೆಯ, ಕಥೆ ಹೀಗಿದೆ. ಊರ್ಮಿಳಾಗೆ ಆಗ ಮೂರು ವರ್ಷ. ನಾಸಿಕದಿಂದ ವಾಪಸು ಬರುವಾಗ ರೈಲಿನಲ್ಲಿ ಮಗುವಿಗೆ ಕೆಂಡದಂಥ ಜ್ವರ. ಇಗತ್‌ಪುರಿಯಲ್ಲಿ ಗಾಡಿ ನಿಂತಿತು, ನಾನು ಚಹಾಕ್ಕೆ ಇಳಿದೆ. ಪಕ್ಕದಲ್ಲಿ ಕೂತಿದ್ದ ಮರಾಠಿ ಹೆಂಗಸು ಕಿಟಕಿಯಿಂದ ದೂರದ ಶಿಖರ ತೋರಿಸಿ, ಅಕೋ ಕಳಸೂಬಾಯಿ, ನಮ್ಮ ದೇವಿ, ಎಲ್ಲಕ್ಕಿಂತ ಎತ್ತರದಲ್ಲಿ ಕೂತವಳು, ಬೇಡಿಕೋ ಅಂದಳಂತೆ. ದಿವಂಗತರು ಬೇಡಿಕೊಂಡರು: ಮಗಳು ಉಳಿದು ಲಗ್ನ ಗೊತ್ತಾದರೆ ನಿನ್ನ ನೆತ್ತಿಯ ಮೇಲೆ ಬಂದು ಉಡಿ ತುಂಬುತ್ತೇವೆ, ಗಂಡ ಹೆಂಡತಿ ಇಬ್ಬರೂ. ನಾನು ಎರಡು ಕಪ್ ಚಹಾ ಹಿಡಿದು ಬರುವಷ್ಟರಲ್ಲಿ ಇವರು ಮಹಾರಾಷ್ಟ್ರದ ಅತಿ ಎತ್ತರದ ಬೆಟ್ಟಕ್ಕೆ ನನ್ನ ಹೆಸರು ಬುಕ್ ಮಾಡಿಬಿಟ್ಟಿದ್ದರು. ಕೇಳಿದರೆ, “ನೀವಽ ಇರಲಿಲ್ಲಲ್ಲ” ಎಂಬ ಉತ್ತರ.

ಅಣ್ಣ ಅದಕ್ಕೂ ತೀರ್ಪು ಕೊಟ್ಟ. “ಒಂಟಿ ಗಂಡಸು ದೇವಿಗೆ ಉಡಿ ತುಂಬಂಗಿಲ್ಲ. ಅದನ್ನೂ ನಾವಽ ನೋಡ್ಕೋತೀವಿ. ಬುಡದಾಗ ಒಂದು ಗುಡಿ ಐತಂತ, ಅಲ್ಲೇ ಕೊಟ್ಟು ಬಂದ್ರಾತು. ಮ್ಯಾಲ ಹತ್ತಾಕ ಇವಂದೇನು ಮೊಣಕಾಲವ? ಸ್ಟೇಶನ್ನಿನ ಪೂಲು ಹತ್ತೂದ್ರಾಗ ಎರಡು ಕಡೆ ಕುಂದರ್ತಾನ.”

ನಾನು ‘ನಾಟ್‌ವಿತ್‌ಸ್ಟ್ಯಾಂಡಿಂಗ್’ ಎಂದು ಶುರು ಮಾಡಿದೆ. ಈ ಶಬ್ದದ ಅರ್ಥ ಮರೆತು ಎಷ್ಟೋ ವರ್ಷವಾಯಿತು, ಆದರೆ ವಾದಕ್ಕೆ ಇದರಷ್ಟು ಗಟ್ಟಿ ಶಬ್ದ ಇನ್ನೊಂದಿಲ್ಲ. ಮೊದಲಾಗಿದ್ದರೆ ಇಷ್ಟು ಹೊತ್ತಿಗೆ ಎಡಸೊಂಟಕ್ಕೆ ಒಂದು ಮೊಣಕೈ ಬಿದ್ದಿರುತ್ತಿತ್ತು. ನಾಲ್ಕು ಜನರ ನಡುವೆ ನಾನು ಇಂಗ್ಲಿಷ್ ತೆಗೆದರೆ ಸಾಕು, ದಿವಂಗತರು ಮುಖ ತಿರುಗಿಸದೆ, ಎದುರಿನವರಿಗೆ ನಗುನಗುತ್ತಲೇ, ತಿವಿಯುತ್ತಿದ್ದರು. ಇವತ್ತು ತಿವಿಯುವವರಿಲ್ಲ. ಪೂರ್ತಿ ಮಾತಾಡಿದೆ. ಯಾರೂ ಕೇಳಲಿಲ್ಲ.

೧೮ ಜನವರಿ, ಗುರುವಾರ

ಕುಕ್ಕರು ನಾಲ್ಕು ಸಲ ಕೂಗಿದ ಮೇಲೆ ಆರಿಸಬೇಕು ಅಂತ ಊರ್ಮಿಳಾ ಹೇಳಿಹೋಗಿದ್ದಳು. ನನ್ನ ಲೆಕ್ಕ ತಪ್ಪಿತು. ಬೇಳೆ ಈಗ ಛಾವಣಿಗೆ ಅಂಟಿದೆ.

ಇಡೀ ದಿನ ಬೆಟ್ಟದ್ದೇ ಯೋಚನೆ. ಬೆಟ್ಟ ನನಗೆ ಹೊಸದಲ್ಲ. ವಿಜಾಪುರದಲ್ಲಿ ಬಿ.ಎ. ಓದುವಾಗ ‘ದಿ ಪ್ಲೆಷರ್ಸ್ ಆಫ್ ಮೌಂಟನಿಯರಿಂಗ್’ ಎಂದು ನಾಲ್ಕು ಪುಟದ ಪ್ರಬಂಧ ಬರೆದು ಇಡೀ ಕ್ಲಾಸಿಗೆ ಮೊದಲಿಗನಾಗಿದ್ದೆ. ಅಷ್ಟರವರೆಗೆ ನಾನು ಹತ್ತಿದ್ದ ಅತಿ ಎತ್ತರದ ಜಾಗ ಗೋಲಗುಮ್ಮಟದ ಗ್ಯಾಲರಿ. ವಿಜಾಪುರದ ಸುತ್ತ ಬೆಟ್ಟ ಎಲ್ಲಿಂದ ತರಬೇಕು? ಆದರೂ ಪ್ರಾಧ್ಯಾಪಕರು ಕಣ್ಣೊರೆಸಿಕೊಂಡರು. ಅನುಭವವಿಲ್ಲದೆ ಬರೆದರೆ ಇಂಗ್ಲಿಷಿಗೆ ಅದೊಂದು ಕಳೆ ಬರುತ್ತದೆ.

ಮೊದಲ ಸಾಲು ಮಾತ್ರ ನೆನಪಿದೆ. ‘ಫ್ರಾಮ್ ದಿ ಸಮಿಟ್, ಒನ್ ಬಿಹೋಲ್ಡ್ಸ್…’ ಏನನ್ನು ಬಿಹೋಲ್ಡ್ ಮಾಡುತ್ತಾರೆ ಎಂಬುದು ಕೈಕೊಟ್ಟಿದೆ.

೨೩ ಜನವರಿ, ಮಂಗಳವಾರ

ಸ್ಟೇಶನ್ನಿನ ಮೇಲ್ಸೇತುವೆ, ಅದೇ ಪೂಲಿನ ಮೇಲೆ ಅಭ್ಯಾಸ. ಪೂರ್ವದಿಂದ ಪಶ್ಚಿಮಕ್ಕೆ, ಪಶ್ಚಿಮದಿಂದ ಪೂರ್ವಕ್ಕೆ. ಮೊದಲೆರಡು ಸಲ ಯಾರೂ ಗಮನಿಸಲಿಲ್ಲ. ಆಮೇಲೆ ಕೊತ್ತಂಬರಿ ಮಾರುವ ಹೆಂಗಸು, “ಕಾಕಾ, ಯಾರು ಕಳೆದುಹೋಗಿದ್ದಾರೆ?” ಅಂತ ಕೇಳಿದಳು. ಕೊನೆಗೆ ಟಿಕೆಟ್ ಕಲೆಕ್ಟರ್ ಹಿಡಿದ. ಬೆಟ್ಟಕ್ಕೆ ಅಭ್ಯಾಸ ಮಾಡುತ್ತಿದ್ದೇನೆ ಅಂದೆ. ನನ್ನನ್ನು ಮೇಲಿಂದ ಕೆಳಗೆ ನೋಡಿ ದಂಡ ಹಾಕದೆ ಬಿಟ್ಟ. ದಂಡ ಹಾಕಿದ್ದರೇ ಮರ್ಯಾದೆ ಉಳಿಯುತ್ತಿತ್ತು.

ಎರಡು ಕಡೆ ಕೂತೆ. ಅಣ್ಣನಿಗೆ ಹೇಗೆ ಗೊತ್ತು?

೨೮ ಜನವರಿ, ರವಿವಾರ

ಅಣ್ಣನ ಫೋನು. ವೈನಿಗೆ ಸಕ್ಕರೆ ಏರಿದೆ, ಬುಡದ ಗುಡಿಗೂ ಬರಲಾರರು.

“ಹಂಗಾರ ಉಡಿ?” ಅಂದೆ.

“ಅದಕ್ಕೇನು, ಅಲ್ಲಿ ಯಾರರ ಪೂಜಾರಿ ಇದ್ದ ಇರ್ತಾನ. ಕೊರಿಯರ್ ಮಾಡೂಣು. ಖಣ, ಕಾಯಿ ಎಲ್ಲಾ ಪ್ಯಾಕ್ ಮಾಡಿ ಕಳಸಿದ್ರ ಮುಟ್ಟತೈತಿ.”

ದೇವಿ ಸಹಿ ಮಾಡಿ ತೆಗೆದುಕೊಳ್ಳುತ್ತಾಳೇನು? ಕೇಳಬೇಕೆಂದಿದ್ದೆ, ಅಷ್ಟರಲ್ಲಿ ಫೋನ್ ಇಟ್ಟ.

ಬರುವ ರವಿವಾರ ನಾನೇ ಹೋಗುತ್ತೇನೆ ಅಂತ ಊರ್ಮಿಳಾಗೆ ಹೇಳಿದೆ. ತಾನೂ ಬರುತ್ತೇನೆ ಅಂದಳು. ಲಗ್ನ ಗೊತ್ತಾದ ಹುಡುಗಿ ಘಾಟು ದಾಟಬಾರದು ಅಂತ ವೈನಿ ಫೋನಿನಲ್ಲೇ ತಡೆದರು. ಸಕ್ಕರೆ ಏರಿದರೂ ಅಧಿಕಾರ ಇಳಿದಿಲ್ಲ.

“ಅಪ್ಪಾ, ನೀ ಬುಡದ ಗುಡಿಯಾಗ ಕೊಟ್ಟು ಸೀದಾ ವಾಪಸ್ ಬರಬೇಕು. ಮ್ಯಾಲ ಲೋಖಂಡದ ನಿಚ್ಚಣಿಕಿ ಅದಾವಂತ. ಪ್ರಾಮಿಸ್ ಮಾಡು.”

“ಮಾಡ್ದೆ.”

“ನನ್ನ ಕಡೆ ನೋಡಿ ಮಾಡು.”

ಮೂವತ್ತೈದು ವರ್ಷ ಸರಕಾರಿ ನೌಕರಿ ಮಾಡಿದ್ದೇನೆ. ‘ನಿಮ್ಮ ಅರ್ಜಿ ಪರಿಶೀಲನೆಯಲ್ಲಿದೆ’ ಎಂಬ ಮುಖ ಮಾಡಿ ತಲೆಯಾಡಿಸಿದೆ.

೩ ಫೆಬ್ರವರಿ, ಶನಿವಾರ

ಊರ್ಮಿಳಾ ಉಡಿ ಕಟ್ಟಿದಳು. ರವಿಕೆಗೆ ಹಸಿರು ಖಣ, ಅಕ್ಕಿ, ಕಾಯಿ, ಅರಿಷಿಣ ಕೊಂಬು, ಉತ್ತತ್ತಿ, ಐದು ಅಡಿಕೆ, ಒಂದು ಡಜನ್ ಬಳೆ. ಯಾವುದು ಮೊದಲು ಹಾಕಬೇಕು ಅಂತ ಕೇಳಿದೆ. “ಅಮ್ಮಂಗ ಗೊತ್ತಿತ್ತು” ಅಂದಳು. ಇಂಥ ವಿಷಯವನ್ನೆಲ್ಲ ದಿವಂಗತರು ಯಾರಿಗೂ ಚಾರ್ಜ್ ಕೊಡದೇ ಹೋಗಿದ್ದಾರೆ. ಆಫೀಸಿನಲ್ಲಾಗಿದ್ದರೆ ಮೆಮೋ ಕೊಡುತ್ತಿದ್ದೆ.

ಹೃಷೀಕೇಶ ತನ್ನ ಬೂಟು ಕೊಟ್ಟ. ಒಂದು ನಂಬರ್ ದೊಡ್ಡದು. ತುದಿಗೆ ಪೇಪರು ತುರುಕಿದ್ದೇವೆ, ಎಡಗಾಲಿಗೆ ಮರಾಠಿ, ಬಲಗಾಲಿಗೆ ಇಂಗ್ಲಿಷ್. ನಾಳೆ ಯಾವ ಕಾಲು ಮೊದಲು ಸೋಲುತ್ತದೋ ನೋಡೋಣ.

೫ ಫೆಬ್ರವರಿ, ಸೋಮವಾರ

ಕುರ್ಚಿಯಿಂದ ಏಳಲಾಗುತ್ತಿಲ್ಲ. ಬೆರಳುಗಳು ಮಾತ್ರ ನಡೆಯುತ್ತಿವೆ, ಹಾಗಾಗಿ ಬರೆಯುತ್ತಿದ್ದೇನೆ.

ನಿನ್ನೆ ಕಸಾರಾ ಲೋಕಲ್ಲು, ಅಲ್ಲಿಂದ ಜೀಪು, ಜೀಪಿನಿಂದ ಎಸ್.ಟಿ. ಬಸ್ಸು. ಬೆಟ್ಟದ ಬುಡದ ಊರಿನ ಹೆಸರು ಬಾರಿ. ಬಸ್ಸಿಳಿದು ತಲೆಯೆತ್ತಿದೆ. ಹೃಷೀಕೇಶ ಐದೂವರೆ ಸಾವಿರ ಫೂಟು ಅಂದಿದ್ದ. ಬ್ಯಾಂಕಿನವರು ಇರುವುದಕ್ಕಿಂತ ಕಡಿಮೆ ಹೇಳುತ್ತಾರೆ.

ಚಹಾದಂಗಡಿಯಲ್ಲಿ ಒಬ್ಬ ನನ್ನ ಚೀಲ ನೋಡಿ ತಾನಾಗಿ ಎದ್ದುಬಂದ. ಹೆಸರು ಹಿರಾಮಣ. ನನ್ನದೇ ವಯಸ್ಸು, ತಲೆಗೆ ಬಿಳಿ ಟೋಪಿ, ಬಾಯಲ್ಲಿ ಬೀಡಿ. ದಾರಿ ತೋರಿಸುವುದು ತನ್ನ ಕಸುಬು ಅಂದ. ಅವನು ಅವನ ಮರಾಠಿಯಲ್ಲಿ, ನಾನು ನನ್ನ ಮರಾಠಿಯಲ್ಲಿ.

“ಬುಡಕ್ಕೋ ತುದಿಗೋ, ಕಾಕಾ?”

“ಬುಡಕ್ಕೆ.”

“ಶಾಣ್ಯಾ ಮಾಣೂಸ್!” ಅಂದ, ಜಾಣ ಅಂತ, ಬಹಳ ಖುಷಿಯಾಗಿ. ಮಧ್ಯಾಹ್ನ ಊರಲ್ಲಿ ಯಾರದೋ ಸಾಖರಪುಡೆಯ ಊಟವಿತ್ತಂತೆ. ನಿಶ್ಚಯದ ಊಟ ತಪ್ಪಿಸಿಕೊಂಡು ಬೆಟ್ಟ ಹತ್ತುವ ಹಂಬಲ ಅವನಿಗೂ ಇರಲಿಲ್ಲ.

ಬುಡದ ಗುಡಿಯಲ್ಲಿ ಒಬ್ಬ ಮುದುಕಿ ಹೂ ಮಾರುತ್ತ ಕೂತಿದ್ದಳು. ನಾನು ಚೀಲ ಬಿಚ್ಚುತ್ತಿದ್ದಂತೆ, “ಮಾಲಕೀಣ ಎಲ್ಲಿ?” ಅಂದಳು. ತೀರಿಕೊಂಡಳು ಅಂದೆ. ಹಾಗಾದರೆ ಒಬ್ಬನೇ ಹೇಗೆ ಉಡಿ ತುಂಬುತ್ತೀ ಅಂತ ಕೈಯಾಡಿಸಿದಳು. ಕಲ್ಯಾಣದಿಂದ ನೂರು ಕಿಲೋಮೀಟರ್ ತಪ್ಪಿಸಿಕೊಂಡು ಬಂದರೆ ಇಲ್ಲಿಯೂ ಅಣ್ಣ, ಸೀರೆ ಉಟ್ಟುಕೊಂಡು.

ಹಿರಾಮಣ ನಕ್ಕ. “ಅಷ್ಟೇ ತಾನೆ? ಸುಪಾರಿ ಇದೆಯಲ್ಲ!” ನನ್ನ ಚೀಲದಿಂದ ಒಂದು ಅಡಿಕೆ ಎತ್ತಿಕೊಂಡ. “ಹೆಂಡತಿ ಇಲ್ಲದವನು ಸೊಂಟಕ್ಕೆ ಅಡಿಕೆ ಸಿಕ್ಕಿಸಿಕೊಂಡು ಪೂಜೆಗೆ ಕೂರುತ್ತಾನೆ. ಅಡಿಕೆಯೇ ಹೆಂಡತಿ. ನಾನೂ ಪ್ರತಿ ನವರಾತ್ರಿ ಹಾಗೇ ಹೋಗುವುದು.”

“ಅಯ್ಯೋ, ನಿನ್ನ ಹೆಂಡತಿಯೂ…”

“ಛೇ ಛೇ, ಗಟ್ಟಿಯಾಗಿದ್ದಾಳೆ! ಅಗೋ, ಕೇಳಿ, ಬೈಯುವುದು.” ಕೆಳಗಿನ ಮನೆಯೊಂದರಿಂದ ನಿಜವಾಗಿಯೂ ಒಂದು ಧ್ವನಿ ಬರುತ್ತಿತ್ತು. “ಹತ್ತುವುದಿಲ್ಲ ಅನ್ನುತ್ತಾಳೆ. ಅದಕ್ಕೇ ಅಡಿಕೆ. ದಾರಿಯಲ್ಲಿ ಕೂರುವುದಿಲ್ಲ, ನೀರು ಕೇಳುವುದಿಲ್ಲ.”

ಮುದುಕಿಯೂ, ಹೌದಲ್ಲ, ಅಡಿಕೆ ಆಗುತ್ತದೆ ಅಂತ ಒಪ್ಪಿದಳು. ನನ್ನದು ಪ್ಯಾಂಟು, ಧೋತರದ ಗಂಟಿಲ್ಲ. ಹಿರಾಮಣ ನನ್ನ ಕರ್ಚೀಫಿನಲ್ಲಿ ಅಡಿಕೆ ಗಂಟು ಹಾಕಿ ಬೆಲ್ಟಿಗೆ ಕಟ್ಟಲು ಬಂದು, “ಎಡಕ್ಕೋ ಬಲಕ್ಕೋ?” ಅಂದ.

“ಶಾಸ್ತ್ರ ಏನು?”

“ಶಾಸ್ತ್ರ ಯಾರಿಗೆ ಗೊತ್ತು? ಬಾಯಿಸಾಹೇಬರು ಯಾವ ಕಡೆ ಕೂರುತ್ತಿದ್ದರು?”

ಎಡಕ್ಕೆ ಅಂದೆ. ಎಡಕ್ಕೆ ಕಟ್ಟಿದ.

ಅಲ್ಲಿಗೆ ಕೆಲಸ ಮುಗಿದಿತ್ತು. ಜೋಡಿ ಆಯಿತು, ಗುಡಿ ಎದುರಿಗಿದೆ, ಊರ್ಮಿಳಾಗೆ ಮಾಡಿದ ಪ್ರಾಮಿಸ್ ಇದೆ, ಹಿರಾಮಣನಿಗೆ ಊಟವಿದೆ. ಆದರೆ ಬುಡದಲ್ಲೇ ಮುಗಿಸಿದರೆ ಅಣ್ಣನ ಮಾತು ಖರೆಯಾಗುತ್ತಿತ್ತು. ಅಲ್ಲದೆ ದಿವಂಗತರು ಹೇಳಿದ್ದು ನೆತ್ತಿ. ಬುಡ ಅಂದಿದ್ದರೆ ನನ್ನದೇನೂ ತಕರಾರಿರಲಿಲ್ಲ. ನಾನು ಹತ್ತಿದ್ದು ಭಕ್ತಿಯಿಂದಲ್ಲ, ಹಟದಿಂದ. ದಾಖಲೆಗಾಗಿ ಬರೆದಿಡುತ್ತೇನೆ.

“ತುದಿಗೆ” ಅಂದೆ. ಹಿರಾಮಣನ ಬೀಡಿ ಬಾಯಿಂದ ಬಿತ್ತು.

ಗದ್ದೆ ದಾಟಿ ಏರು ಶುರುವಾಯಿತು. ಹಿರಾಮಣ ದಾರಿ ತೋರಿಸುವುದಕ್ಕಿಂತ ವಾಪಸು ಹೋಗುವ ದಾರಿ ಹುಡುಕುವುದರಲ್ಲಿ ನಿಪುಣ. ಪ್ರತಿ ದೊಡ್ಡ ಕಲ್ಲಿಗೂ, “ಇಲ್ಲಿಯೂ ದೇವಿ ಇದ್ದಾಳೆ ಕಾಕಾ, ಇಲ್ಲೇ ಕೊಟ್ಟುಬಿಡಿ” ಅನ್ನುತ್ತಿದ್ದ. ಎಷ್ಟು ದೂರ ಅಂತ ಕೇಳಿದರೆ, “ಆಲಂಚ್, ಆಲಂಚ್.” ಬಂದೇ ಬಿಟ್ಟಿತು ಅಂತ. ಲೋಕಲ್ ಟ್ರೇನಿನ ಅನೌನ್ಸ್‌ಮೆಂಟಿನವಳೂ ಇಷ್ಟು ಧೈರ್ಯದಿಂದ ಸುಳ್ಳು ಹೇಳುವುದಿಲ್ಲ.

ಒಂದು ಕಡೆ ಕೂತಾಗ ದೇವಿಯ ಕಥೆ ಹೇಳಿದ. ಕಳಸೂ ಅನ್ನುವ ಹುಡುಗಿ ಒಬ್ಬ ಪಾಟೀಲನ ಮನೆಗೆ ಕೆಲಸಕ್ಕೆ ಸೇರಿದಳಂತೆ. ಪಾತ್ರೆ ತಿಕ್ಕುವುದಿಲ್ಲ, ಕಸ ಗುಡಿಸುವುದಿಲ್ಲ, ಉಳಿದದ್ದೆಲ್ಲ ಮಾಡುತ್ತೇನೆ ಅಂತ ಮೊದಲೇ ಕರಾರು. ಒಂದು ದಿನ ಪಾತ್ರೆಯನ್ನೂ ತಿಕ್ಕಿಸಿದರು, ಕಸವನ್ನೂ ತೆಗೆಸಿದರು. ಸಿಟ್ಟಾಗಿ ಬೆಟ್ಟ ಹತ್ತಿಬಿಟ್ಟಳು, ಇಳಿಯಲೇ ಇಲ್ಲ.

ನಮ್ಮ ಮನೆಯಲ್ಲಿ ಹದಿನೈದು ತಿಂಗಳಿಂದ ಆ ಎರಡೂ ಕೆಲಸ ನನ್ನದು. ನಾನು ಹತ್ತುತ್ತಿರುವುದು ಸರಿಯಾಗಿಯೇ ಇದೆ ಅನಿಸಿತು.

ನಿಚ್ಚಣಿಕೆ ಬಂದವು. ಬಂಡೆಗೆ ನೆಟ್ಟಗೆ ಒರಗಿಸಿದ ಕಬ್ಬಿಣ. ಮೊದಲನೆಯದನ್ನು ನಮ್ಮ ಬಿಲ್ಡಿಂಗಿನ ಜಿನೆಯ ಮೆಟ್ಟಿಲು ಅಂದುಕೊಂಡು ಹತ್ತಿದೆ. ಎರಡನೆಯದರ ಮಧ್ಯದಲ್ಲಿ ಗಾಳಿ ಬೀಸಿತು. ಎಡಗಾಲಿನ ಬೂಟು, ಮರಾಠಿ ಪೇಪರಿನದು, ಮೆಟ್ಟಿಲಿನಿಂದ ಜಾರಿತು. ಕಾಲು ಗಾಳಿಯಲ್ಲಿ. ಕೆಳಗೆ ನೋಡಬಾರದಿತ್ತು, ನೋಡಿದೆ. ಊರು, ಗದ್ದೆ, ಬಸ್ಸು ಎಲ್ಲ ಅಲ್ಲಿ, ನಾನಿಲ್ಲದೆ ಚೆನ್ನಾಗಿಯೇ ಇದ್ದವು.

ಕಾಲು ಮತ್ತೆ ಮೆಟ್ಟಿಲಿಗೆ ಸಿಕ್ಕಿತು. ಆದರೆ ಕೈ ಬಿಡಲೊಲ್ಲದು, ಕಾಲು ಏಳಲೊಲ್ಲದು. ಆಗ ನನ್ನ ಬಾಯಿ ತಾನಾಗಿ ಶುರು ಮಾಡಿಕೊಂಡಿತು: “ಫ್ರಾಮ್ ದಿ ಸಮಿಟ್, ಒನ್ ಬಿಹೋಲ್ಡ್ಸ್! ಫ್ರಾಮ್ ದಿ ಸಮಿಟ್, ಒನ್ ಬಿಹೋಲ್ಡ್ಸ್!” ಗಟ್ಟಿಯಾಗಿ. ಮೇಲಿಂದ ಹಿರಾಮಣ, ಮಂತ್ರ ಅಂದುಕೊಂಡು, ಟೋಪಿ ತೆಗೆದು ನಿಂತ.

ಹೊಟ್ಟೆಯನ್ನು ನಿಚ್ಚಣಿಕೆಗೆ ಒತ್ತಿ ಹಿಡಿದಿದ್ದೆನಲ್ಲ, ಎಡಸೊಂಟಕ್ಕೆ ಅಡಿಕೆ ತಿವಿಯಿತು. ಸರಿಯಾಗಿ ಅದೇ ಜಾಗ. ಪಕ್ಕೆಲುಬಿನ ಕೆಳಗೆ ಎರಡು ಬೆರಳು.

ಬಾಯಿ ಮುಚ್ಚಿತು. ಬಾಯಿ ಮುಚ್ಚಿದ ಮೇಲೆ ಕಾಲು ಎದ್ದಿತು. ವೈಜ್ಞಾನಿಕ ಕಾರಣ ಏನಾದರೂ ಇರಬೇಕು, ಉಸಿರು ಉಳಿಯುತ್ತದಲ್ಲ.

ತುದಿಯಲ್ಲಿ ಕೇಸರಿ ಬಣ್ಣದ ಪುಟ್ಟ ಗುಡಿ, ಬಗ್ಗಿ ಒಳಗೆ ಹೋಗಬೇಕು. ಸುತ್ತ ಗಾಳಿ. ಬಿಹೋಲ್ಡ್ ಮಾಡೋಣ ಅಂತ ಎಲ್ಲ ಕಡೆ ನೋಡಿದೆ. ಮಂಜಿನಂಥ ಧೂಳು, ಎಲ್ಲೋ ಒಂದು ಅಣೆಕಟ್ಟಿನ ನೀರು, ಹತ್ತಿರದಲ್ಲಿ ಹಿರಾಮಣನ ಬೀಡಿಯ ಹೊಗೆ. ಇಗತ್‌ಪುರಿ ಯಾವ ಕಡೆ ಅಂದೆ. ಅವನು ಕೈಮಾಡಿದ ಕಡೆ ಏನೂ ಕಾಣಲಿಲ್ಲ. ಆ ಕಿಟಕಿಯಿಂದ ಇದು ಕಂಡಿತ್ತು. ಇಲ್ಲಿಂದ ಆ ಕಿಟಕಿ ಕಾಣುವುದಿಲ್ಲ.

ಒಳಗೆ ಕೂತು ಉಡಿ ತುಂಬಿದೆ. ಮೊದಲು ಖಣ ಹಾಸಿದೆ, ಅಕ್ಕಿ, ಆಮೇಲೆ ಕಾಯಿ. ಬಳೆ ಮರೆತಿದ್ದೆ, ಎದ್ದ ಮೇಲೆ ಮತ್ತೆ ಕೂತೆ. ಅರಿಷಿಣ ಕೈಗೆಲ್ಲ ಮೆತ್ತಿಕೊಂಡಿತು. ತಪ್ಪಿದ್ದರೆ ದೇವಿಯೇ ತಿದ್ದಿಕೊಳ್ಳಲಿ.

ಹಿರಾಮಣ ನನ್ನ ಸೊಂಟ ತೋರಿಸಿದ. “ಅದನ್ನೂ ಬಿಚ್ಚಿ ದೇವಿಯ ಉಡಿಗೆ ಹಾಕಿಬಿಡಿ. ಪೂಜೆಯ ಕೆಲಸ ಮುಗಿಯಿತು.”

“ಉಳಿದ ನಾಲ್ಕು ಹಾಕಿದ್ದೇನೆ.”

“ಇದನ್ನೂ ಹಾಕಬೇಕು. ಎಲ್ಲರೂ ಹಾಕುತ್ತಾರೆ.”

“ಯಾಕೆ?”

“ಪದ್ಧತಿ.”

“ಪ್ರಭಾನ್ನ ಇಷ್ಟು ದೂರ ಹತ್ತಿಸಿಕೊಂಡು ಬಂದು, ಇಲ್ಲೇ ಬಿಟ್ಟು ಒಬ್ಬನೇ ಇಳಿಯುವುದು ಯಾವ ಸೀಮೆಯ ಪದ್ಧತಿ?”

ಸ್ವಲ್ಪ ಜೋರಾಗಿಯೇ ಅಂದೆ ಅಂತ ಕಾಣುತ್ತದೆ, ಕನ್ನಡದಲ್ಲಿ. ಅವನಿಗೆ ಭಾಷೆ ತಿಳಿಯಲಿಲ್ಲ. ನನ್ನ ಮುಖ ನೋಡಿ ಮತ್ತೆ ಕೇಳಲೂ ಇಲ್ಲ. ಹೊಸ ಬೀಡಿ ಹಚ್ಚಿ, “ಇಳಿಯುವಾಗ ನಿಚ್ಚಣಿಕೆಗೆ ಬೆನ್ನು ಮಾಡಬೇಡಿ” ಅಂದ. ಇಡೀ ದಿನದಲ್ಲಿ ಅವನು ಹೇಳಿದ ಒಂದೇ ಸತ್ಯ.

ಸಾಖರಪುಡೆಯ ಊಟ ಮುಗಿದುಹೋಗಿತ್ತು. ಅವನ ಹೆಂಡತಿ ನಮ್ಮಿಬ್ಬರಿಗೂ ಒಂದೇ ಸಮ ಬೈದು, ಒಂದೇ ಸಮ ಪಿಠಲ ಭಾಕ್ರಿ ಬಡಿಸಿದಳು. ಎರಡು ರೊಟ್ಟಿ ಹೇಗೆ ಇಳಿದವೋ ತಿಳಿಯಲಿಲ್ಲ.

೬ ಫೆಬ್ರವರಿ, ಮಂಗಳವಾರ

ಕಾಲು.

೧೧ ಫೆಬ್ರವರಿ, ರವಿವಾರ

ಮಗಳಿಗೆ ಇವತ್ತು ಗೊತ್ತಾಯಿತು. ಒಗೆಯಲು ಪ್ಯಾಂಟು ತೆಗೆದಾಗ ಅರಿಷಿಣದ ಕರ್ಚೀಫ್ ಸಿಕ್ಕಿತು, ಗಂಟು ಸಮೇತ. ಬುಡಕ್ಕೆ ಅಂತ ಹೇಳಿ ತುದಿಗೆ ಹೋದದ್ದು, ನಿಚ್ಚಣಿಕೆ, ಎಲ್ಲ ಹೇಳಬೇಕಾಯಿತು. ಜಾರಿದ ಬೂಟಿನದ್ದು ಬಿಟ್ಟು.

“ಏನಾರ ಆಗಿದ್ರ?” ಅಂದಳು. ಆಮೇಲೆ ಅದನ್ನೇ ಹಿಂದಿಯಲ್ಲಿ, ಆಮೇಲೆ ಮರಾಠಿಯಲ್ಲಿ ಅಂದಳು. ನಾಲ್ಕನೆಯ ಭಾಷೆಗೆ ಬರುವಷ್ಟರಲ್ಲಿ ಅಳತೊಡಗಿದಳು.

“ಇದು ಕೊಳಿ ಆಗ್ಯದ, ಒಗ್ಯಾಕ ಹಾಕ್ಲಿ?”

“ಕರ್ಚೀಫ್ ಒಗಿ. ಅಡಕಿ ಇಲ್ಲಿ ಕೊಡು.”

ಅದನ್ನು ಕಿಟಕಿಯ ಮೇಲೆ ಇಟ್ಟಿದ್ದೇನೆ. ರಸ್ತೆ ಕಾಣುತ್ತದೆ. ಪ್ರಭಾ ಅಲ್ಲೇ ನಿಂತು ಭಾಜಿಯವನ ಹತ್ತಿರ ಜಗಳಾಡುತ್ತಿದ್ದಳು.

೨೬ ಮಾರ್ಚ್, ಮಂಗಳವಾರ

ಪೂಲು ಹತ್ತಿದೆ. ಒಂದೇ ಕಡೆ ಕೂತೆ. ಅದೂ ಕೊತ್ತಂಬರಿಯವಳು ಮಾತಿಗೆ ನಿಲ್ಲಿಸಿದ್ದಕ್ಕೆ.

೭ ಏಪ್ರಿಲ್, ರವಿವಾರ

ಅಣ್ಣನ ಮನೆ, ಕಲ್ಯಾಣ. ಲಗ್ನ ಮಾಡಿಸುವ ಉಪಾಧ್ಯರು ಉಡುಪಿ ಕಡೆಯವರು, ಐರೋಲಿಯಿಂದ ಸ್ಕೂಟರಿನಲ್ಲಿ ಬಂದಿದ್ದರು. ಅಣ್ಣ ಧಾರೆಗೆ ಕೂರಲು ಹೊಸ ಜರಿ ಧೋತರ ತಂದು ಎಲ್ಲರಿಗೂ ತೋರಿಸುತ್ತಿದ್ದ.

ನಾನು ಹೇಳಿದೆ: “ಧಾರಿಗೆ ನಾವಽ ಕುಂದರ್ತೀವಿ.”

“ನಾವು ಅಂದ್ರ ಯಾರು?” ಅಂದ ಅಣ್ಣ.

ಜೇಬಿನಿಂದ ಅಡಿಕೆ ತೆಗೆದು ಟೀಪಾಯಿಯ ಮೇಲಿಟ್ಟೆ. ಬೆಟ್ಟದ ಸಂಗತಿ ಹೇಳಿದೆ. ಅಣ್ಣ ಅಡಿಕೆಯನ್ನು ನೋಡಿದ, ಧೋತರವನ್ನು ನೋಡಿದ.

“ಏ, ಅದು ಮರಾಠಿ ಮಂದೀ ಆಟ. ನಮ್ಮಾಗ ನಡ್ಯಂಗಿಲ್ಲ. ಮಂದಿ ನಗ್ತಾರ! ನಾನು ಹಿರ್ಯಾ ಅಂತ ಇರೂದ್ಯಾಕ ಮತ್ತ?”

“ನೀ ಬಾಗಲದಾಗ ನಿಂತು ಪನ್ನೀರ ಹೊಡಿ ಅಣ್ಣಾ. ವೈನಿ ಜೋಡೀಲೆ ನಿಂತರ ಇನ್ನೂ ಛಲೋ ಕಾಣತೈತಿ.”

ಅಣ್ಣನ ಮುಖ ಕುಕ್ಕರಿನಂತಾಯಿತು. ಉಪಾಧ್ಯರ ಕಡೆ ತಿರುಗಿದ. ಅವರು ಚಹಾದ ಕಪ್ಪು ಕೆಳಗಿಟ್ಟು ತಾಳ್ಮೆಯಿಂದ ಹೇಳಿದರು: “ಹಾಗೆ ಕೂರುವ ಕ್ರಮ ಉಂಟು ಮಾರಾಯ್ರೇ. ನಾನು ಒಂದೆರಡು ಕಡೆ ಮಾಡಿಸಿದ್ದೇನೆ. ದೊಡ್ಡವರು ಬೇಜಾರು ಮಾಡ್ಕೊಳ್ಬಾರ್ದು ಅಷ್ಟೆ.”

“ನಾಳೆ ಮಂಟಪದಾಗ ನಾಲ್ಕು ಮಂದಿ, ಎಲ್ಲಿ ಅದಾಳ್ರೀ ನಿಮ್ಮ ಹೆಂಡತಿ ಅಂತ ಕೇಳಿದ್ರ?”

“ಸೊಂಟದಾಗ ಅದಾಳ ಅಂತೀನಿ.”

ಒಳಗಿಂದ ಸುಶೀಲಾವೈನಿ ಬಂದರು. ಅಡಿಕೆಯನ್ನು ಎತ್ತಿ ಸೆರಗಿನಿಂದ ಒರೆಸಿ, ಬೆಳಕಿಗೆ ಹಿಡಿದು ನೋಡಿದರು. ಕಳೆದ ವಾರವೂ ಡಾಕ್ಟರರ ಹತ್ತಿರ ಹೋಗಿ ಬಂದವರು.

“ಹೊಗಿ ಮುಂದ ಎರಡು ತಾಸು ಕುಂದ್ರೂದು ನನಗೂ ಬ್ಯಾಡಾಗಿತ್ತು. ಹೇಳಾಕ ಬಾಯಿ ಇರಲಿಲ್ಲ.” ಅಣ್ಣನ ಕಡೆ ನೋಡಲಿಲ್ಲ. “ಪ್ರಭಾನಽ ಕುಂದರಲಿ. ಆಕೀ ಮಗಳು.” ಅಡಿಕೆಯನ್ನು ನನ್ನ ಕೈಗೆ ಕೊಟ್ಟು, “ಒಂಟಿ ಇಡಬ್ಯಾಡ್ರಿ, ಹುಳಾ ಹತ್ತತೈತಿ. ಡಬ್ಬ್ಯಾಗ ಎರಡು ಲವಂಗ ಹಾಕಿ ಇಡ್ರಿ” ಅಂದರು.

ಅಣ್ಣ ಧೋತರ ಮಡಿಸತೊಡಗಿದ. ಬಹಳ ಹೊತ್ತು ಮಡಿಸಿದ. ಹೊರಡುವಾಗ ಬಾಗಿಲತನಕ ಬಂದು, ಪನ್ನೀರು ಗುಲಾಬಿಯದೋ ಕೇದಿಗೆಯದೋ ಅಂತ ಕೇಳಿದ. ಗುಲಾಬಿ ಅಂದೆ.

೧೧ ಮೇ, ಶನಿವಾರ

ಮನೆ ತುಂಬ ಜನ. ವಿಜಾಪುರದವರು ಹಾಲಿನಲ್ಲಿ, ಸೊಲ್ಲಾಪುರದವರು ಬಾಲ್ಕನಿಯಲ್ಲಿ. ಬಾತ್‌ರೂಮಿಗೆ ಕ್ಯೂ. ಊರ್ಮಿಳಾ ಕೈಯ ಮೆಹಂದಿ ಒಣಗುವತನಕ ಏನೂ ಮುಟ್ಟುವ ಹಾಗಿಲ್ಲ, ಹಾಗಾಗಿ ನನ್ನ ಹತ್ತಿರ ಬಂದು ಕೂತು, “ಅಪ್ಪಾ, ನೀರು ಕುಡಿಸು” ಅಂದಳು. ಕುಡಿಸಿದೆ. ಅರ್ಧ ಅವಳ ಬಾಯಿಗೆ, ಅರ್ಧ ಕೊರಳಿಗೆ.

“ಭಾಷಣ ಗೀಷಣ ಮಾಡಬ್ಯಾಡ ನಾಳೆ. ಹೃಷೀಕೇಶನ ಅಮ್ಮಂಗ ಇಂಗ್ಲಿಷ್ ಬರ್ತದ.”

ಪರಿಶೀಲನೆಯಲ್ಲಿದೆ ಅಂದೆ.

೧೩ ಮೇ, ಸೋಮವಾರ

ಆಯಿತು.

ಧಾರೆ ಎರೆದೆವು. ಊರ್ಮಿಳಾಳ ಕೈ ಮೇಲೆ ನೀರು ಬಿಡುವಾಗ ಅರ್ಧ ಹೊರಗೆ ಚೆಲ್ಲಿದೆ ಅಂತ ಬೀಗರು ಅಂದರಂತೆ. ಹೊಗೆಯಿಂದ. ಬಾಗಿಲಲ್ಲಿ ಅಣ್ಣ ಜರಿ ಧೋತರ ಉಟ್ಟು ನಿಂತು, ಬಂದವರನ್ನೆಲ್ಲ ಪನ್ನೀರಿನಿಂದ ತೋಯಿಸಿಬಿಟ್ಟ. ಎರಡೆರಡು ಸಲ ಒಳಗೆ ಬಂದವರಿಗೆ ಎರಡೆರಡು ಸಲ. ಯಾರೂ ನಗಲಿಲ್ಲ, ಯಾರೂ ನನ್ನ ಹೆಂಡತಿ ಎಲ್ಲಿ ಅಂತ ಕೇಳಲೂ ಇಲ್ಲ.

ಊಟದ ನಂತರ ಹೃಷೀಕೇಶ ಮೈಕ್ ತಂದುಕೊಟ್ಟು, “ಕಾಕಾ, ಎರಡು ಶಬ್ದ” ಅಂದ. ಎದ್ದು ನಿಂತೆ. ಎದುರಿಗೆ ಠಾಣೆಯ ಬೀಗರೆಲ್ಲ, ಬ್ಯಾಂಕಿನವರು, ಮ್ಯಾನೇಜರ್ ಸಹಿತ. ಇಂಥ ಸಭೆ ಮತ್ತೆ ಸಿಕ್ಕುವುದಿಲ್ಲ.

“ಲೇಡೀಸ್ ಅಂಡ್ ಜಂಟಲ್‌ಮೆನ್,” ಅಂದೆ. “ನಾಟ್‌ವಿತ್‌ಸ್ಟ್ಯಾಂಡಿಂಗ್…”

ಎಡಸೊಂಟಕ್ಕೆ ಚುಚ್ಚಿತು.

ಕೂತೆವು.